ಮೂಳೆಯೊಳಗಿನ ಹಳೆಯ ಕೀವು: ಮಣಿಯೋ, ರಿಂಗೋ? ಖರ್ಚನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಹತ್ತಿರದವರು. ನನ್ನ ತಮ್ಮನಿಗೆ 34 ವರ್ಷ. ಮೂರು ವರ್ಷಗಳ ಹಿಂದೆ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಬಲಗಾಲಿನಲ್ಲಿ ಮೊಣಕಾಲಿಗೂ ಪಾದಕ್ಕೂ ನಡುವಿನ ಕಣಕಾಲು ಮೂಳೆ ಮುರಿದು ಚರ್ಮ ಸೀಳಿಕೊಂಡು ಹೊರಬಂದಿತ್ತು. ಪ್ಲೇಟು ಹಾಕಿದರು. ನಾಲ್ಕು ತಿಂಗಳಲ್ಲಿ ಕೀವು ಶುರುವಾಯಿತು. ಎರಡು ಸಲ ಆಪರೇಶನ್ ಮಾಡಿ ತೊಳೆದರೂ ನಿಂತಿಲ್ಲ. ಎರಡು ವರ್ಷದಿಂದ ಅವನು ಕೆಲಸಕ್ಕೆ ಹೋಗಿಲ್ಲ; ಮೊದಲು ದಿನಕ್ಕೆ 600 ರೂಪಾಯಿ ದುಡಿಯುತ್ತಿದ್ದ. ಈಗ ಒಂದು ಆಸ್ಪತ್ರೆಯಲ್ಲಿ ಔಷಧಿಯ ಮಣಿ ಇಡಲು 85,000 ರೂಪಾಯಿ, ಅದೇ ಮಣಿ ಒಳಗೇ ಕರಗುವಂಥದ್ದಾದರೆ 1,75,000 ರೂಪಾಯಿ ಎಂದರು. ಇನ್ನೊಂದು ಕಡೆ ರಿಂಗು ಹಾಕಬೇಕು, 2,40,000 ಆಗುತ್ತದೆ ಎಂದರು. ಮೂರನೆಯ ಕಡೆ, ಮೊಣಕಾಲಿನ ಕೆಳಗೆ ತೆಗೆದುಬಿಟ್ಟರೆ 70,000ದಲ್ಲಿ ಮುಗಿಯುತ್ತದೆ ಎಂದುಬಿಟ್ಟರು. ಮೈಸೂರಿಗೆ ಕಾರು ಮಾಡಿಕೊಂಡು ಹೋಗಿ ಬಂದರೆ 4,500 ಖರ್ಚು. ಬಿಪಿಎಲ್ ಕಾರ್ಡು ಇದೆ. ಇವುಗಳಲ್ಲಿ ಯಾವುದು ಕಡಿಮೆ ಖರ್ಚಿನದು, ದಯವಿಟ್ಟು ತಿಳಿಸಿ.

ಉತ್ತರ: ನೀವು ಬರೆದಿರುವ ನಾಲ್ಕು ಮೊತ್ತಗಳು ಒಂದೇ ಕೆಲಸಕ್ಕೆ ಬೇರೆ ಬೇರೆಯವರು ಹೇಳಿದ ಬೆಲೆಗಳಲ್ಲ ಎಂಬುದನ್ನು ಮೊದಲು ಗಮನಿಸಬೇಕು. ರೋಗಾಣು ಕೊಲ್ಲುವ ಔಷಧ ಬೆರೆಸಿದ ಮಣಿ ಇಡುತ್ತೇವೆಂದವರು ಮೂಳೆ ಕೂಡಿಕೊಂಡಿದೆ, ಒಳಗಿನ ಕೊಳೆತ ಭಾಗವನ್ನಷ್ಟೇ ತೆಗೆದರೆ ಸಾಕು ಎಂದು ಭಾವಿಸಿದ್ದಾರೆ. ರಿಂಗು, ಅಂದರೆ ಕಾಲಿನ ಸುತ್ತ ಬಿಗಿಯುವ ಉಕ್ಕಿನ ಬಳೆಗಳು, ಬೇಕೆಂದವರು ಮೂಳೆಯ ಒಂದು ತುಂಡನ್ನೇ ಪೂರ್ತಿ ಕತ್ತರಿಸಿ ತೆಗೆಯಬೇಕಾಗುತ್ತದೆ ಎಂದುಕೊಂಡಿದ್ದಾರೆ. ಕಾಲು ತೆಗೆಯೋಣ ಎಂದವರು ಉಳಿಸಿಕೊಳ್ಳುವ ಪ್ರಯತ್ನಕ್ಕೆ ಕಾಲವೂ ಹಣವೂ ವ್ಯರ್ಥ ಎಂದು ತೀರ್ಮಾನಿಸಿದ್ದಾರೆ. ಕಾಫಿ ಹಣ್ಣಿನ ತೂಕದ ದರವನ್ನೂ ಒಣಗಿದ ಚೆರಿಯ ದರವನ್ನೂ ಪಕ್ಕಪಕ್ಕ ಇಟ್ಟು ಯಾವುದು ಲಾಭವೆಂದು ನಿಮ್ಮ ಊರಿನ ಯಾರೂ ಕೇಳುವುದಿಲ್ಲ. ಎರಡರ ನಡುವೆ ಎಷ್ಟು ತೂಕ ಇಳಿಯುತ್ತದೆಂಬ ಲೆಕ್ಕ ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಅಂದಾಜುಪಟ್ಟಿಯನ್ನು ನೋಡುವಾಗಲೂ ಅದೇ ಎಚ್ಚರ ಬೇಕು. ಹೋಲಿಸಬೇಕಾದದ್ದು ಶಸ್ತ್ರಚಿಕಿತ್ಸೆಯ ದಿನದ ಬಿಲ್ಲನ್ನಲ್ಲ, ಕೀವು ನಿಂತು ನಿಮ್ಮ ತಮ್ಮನವರು ಊರುಗೋಲಿಲ್ಲದೆ ನಡೆಯುವ ದಿನದವರೆಗೆ ಮನೆಯಿಂದ ಹೊರಹೋಗುವ ಒಟ್ಟು ಹಣವನ್ನು.

ಎರಡು ಸಲ ತೊಳೆದರೂ ಕೀವು ಏಕೆ ನಿಲ್ಲಲಿಲ್ಲ ಎಂಬುದು ತಿಳಿದರೆ ಈ ಲೆಕ್ಕದ ಅರ್ಧ ಭಾಗ ತಾನಾಗಿ ತಿಳಿಯುತ್ತದೆ. ಮೂಳೆಯ ಒಳಗೆ ಸೋಂಕು ಹಳತಾದಾಗ ಅದರ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತು ಆ ಭಾಗ ಸಾಯುತ್ತದೆ. ಸತ್ತ ಮೂಳೆಯ ಮೇಲೆ, ಹಾಗೆಯೇ ಪ್ಲೇಟು ಮತ್ತು ಸ್ಕ್ರೂಗಳ ಮೇಲೆ, ರೋಗಾಣುಗಳು ಲೋಳೆಯಂಥ ಪದರವನ್ನು ಕಟ್ಟಿಕೊಂಡು ಅದರ ಅಡಿಯಲ್ಲಿ ಬದುಕುತ್ತವೆ. ಮಳೆಗಾಲದಲ್ಲಿ ಕಣದ ಕಲ್ಲಿನ ಮೇಲೆ ಹಾವಸೆ ಕಟ್ಟಿದಂತೆ ಎಂದುಕೊಳ್ಳಿ. ನೀರು ಸುರಿದರೆ ಅದು ಹೋಗುವುದಿಲ್ಲ, ಕೆರೆದೇ ತೆಗೆಯಬೇಕು. ರಕ್ತವಿಲ್ಲದ ಜಾಗಕ್ಕೆ ಮಾತ್ರೆಯೂ ಇಂಜೆಕ್ಷನ್ನೂ ತಲುಪುವುದಿಲ್ಲ, ತಲುಪಿದಷ್ಟು ಔಷಧ ಲೋಳೆಯನ್ನು ದಾಟುವುದಿಲ್ಲ. ಆದ್ದರಿಂದಲೇ ಮಾತ್ರೆ ನುಂಗುವಷ್ಟು ದಿನ ಕೀವು ಕಡಿಮೆಯಾಗಿ, ನಿಲ್ಲಿಸಿದ ಕೆಲವು ವಾರಗಳಲ್ಲಿ ಮತ್ತೆ ಶುರುವಾಗುತ್ತದೆ. ಈ ರೋಗದಲ್ಲಿ ನಿಜವಾದ ಚಿಕಿತ್ಸೆಯೆಂದರೆ ಸತ್ತದ್ದನ್ನೆಲ್ಲ ತೆಗೆಯುವುದೇ. ಕೆರೆಯುತ್ತ ಹೋದಂತೆ, ಅಚ್ಚಖಾರದ ಪುಡಿ ಉದುರಿಸಿದಂತೆ ಮೂಳೆಯ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳು ಮೂಡುವವರೆಗೆ ಶಸ್ತ್ರವೈದ್ಯರು ನಿಲ್ಲಿಸಬಾರದು. ಮಣಿ, ರಿಂಗು, ಇನ್ನುಳಿದವೆಲ್ಲ ಹಾಗೆ ತೆಗೆದ ಮೇಲೆ ಉಳಿಯುವ ಗುಂಡಿಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಇರುವ ಬೇರೆ ಬೇರೆ ಉತ್ತರಗಳಷ್ಟೆ. ಕೆರೆಯುವ ಕೆಲಸ ಅರೆಬರೆಯಾದರೆ ಅತ್ಯಂತ ದುಬಾರಿ ಮಣಿಯೂ ದಂಡ.

ಹಾಗಾಗಿ ಖರ್ಚಿನ ಮಾತಿಗೆ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು: ಮುರಿದ ಮೂಳೆ ಕೂಡಿದೆಯೇ, ಇಲ್ಲವೇ? ಎರಡು ದಿಕ್ಕಿನಿಂದ ತೆಗೆದ ಹೊಸ ಎಕ್ಸ್‌ರೇ, ಅದರಲ್ಲಿ ಸಂಶಯ ಉಳಿದರೆ ಸಿ.ಟಿ. ಸ್ಕ್ಯಾನ್, ಇದನ್ನು ಹೇಳುತ್ತವೆ. 1985ರಲ್ಲಿ ಸಿಯೆರ್ನಿ ಮತ್ತು ಮೇಡರ್ ಎಂಬ ಅಮೆರಿಕದ ವೈದ್ಯರು ಈ ರೋಗವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಸೋಂಕು ಮೂಳೆಯ ಮಜ್ಜೆಯ ಕೊಳವೆಯೊಳಗೆ ಮಾತ್ರ ಇರುತ್ತದೆ. ಎರಡನೆಯದರಲ್ಲಿ ಹೊರಮೈಯಲ್ಲಿ ಮಾತ್ರ. ಮೂರನೆಯದರಲ್ಲಿ ಒಂದು ಭಾಗ ಪೂರ್ತಿ ಕೊಳೆತಿದ್ದರೂ ಅದನ್ನು ತೆಗೆದ ಮೇಲೆ ಮೂಳೆ ತಾನೇ ಗಟ್ಟಿಯಾಗಿ ನಿಲ್ಲುತ್ತದೆ. ನಾಲ್ಕನೆಯದರಲ್ಲಿ ಸುತ್ತಲೂ ಕೊಳೆತಿದ್ದು, ತೆಗೆದರೆ ಮೂಳೆ ಎರಡು ತುಂಡಾಗಿ ನಿಲ್ಲುತ್ತದೆ, ಇಲ್ಲವೇ ಆಗಲೇ ಕೂಡದೆ ಉಳಿದಿರುತ್ತದೆ. ನಿಮ್ಮ ತಮ್ಮನವರದು ಮೂರನೆಯ ಬಗೆಯೋ ನಾಲ್ಕನೆಯದೋ ಎಂಬುದೇ 85,000ಕ್ಕೂ 2,40,000ಕ್ಕೂ ಇರುವ ಅಂತರದ ಮೂಲ. ಮೂರನೆಯದಾಗಿದ್ದರೆ ರಿಂಗಿನ ಹಣ ಅನಾವಶ್ಯಕ. ನಾಲ್ಕನೆಯದಾಗಿದ್ದರೆ ಮಣಿಗೆ ಮಾತ್ರ ಕೊಡುವ ಹಣ ಹೊಳೆಗೆ ಹಾಕಿದಂತೆ. ಎಕ್ಸ್‌ರೇ ಮತ್ತು ಸ್ಕ್ಯಾನಿಗೆ ಆಗುವ ಕೆಲವು ಸಾವಿರವನ್ನು ಉಳಿಸಲು ಹೋಗಿ ಲಕ್ಷ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಇನ್ನೊಂದು ಪರೀಕ್ಷೆಯೂ ಇಷ್ಟೇ ಮುಖ್ಯ. ಕೀವು ಸೋರುವ ರಂಧ್ರದ ಬಾಯಿಂದ ಹತ್ತಿಯಲ್ಲಿ ತೆಗೆದ ಮಾದರಿಯನ್ನು ನಂಬಬಾರದು, ಏಕೆಂದರೆ ಅಲ್ಲಿ ಚರ್ಮದ ಮೇಲಿನ ರೋಗಾಣುಗಳೂ ಬೆರೆತಿರುತ್ತವೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಆಳದಿಂದ, ಐದು ಬೇರೆ ಬೇರೆ ಜಾಗಗಳಿಂದ ಮಾದರಿ ತೆಗೆಯುವುದು ಸರಿಯಾದ ಕ್ರಮ. ವೈದ್ಯರು ಒಪ್ಪಿದರೆ ಅದಕ್ಕೆ ಎರಡು ವಾರ ಮೊದಲೇ ಆ್ಯಂಟಿಬಯೋಟಿಕ್ ನಿಲ್ಲಿಸಿರಬೇಕು. ಅದೇ ಮಾದರಿಯ ಒಂದು ಭಾಗವನ್ನು ಕ್ಷಯದ ಪರೀಕ್ಷೆಗೂ ಕಳುಹಿಸುವಂತೆ ಕೇಳಿ. ನಮ್ಮ ದೇಶದಲ್ಲಿ ಮೂಳೆಯ ಕ್ಷಯ ಅಪರೂಪವಲ್ಲ. ಅದೇ ಆಗಿದ್ದರೆ ಮುಖ್ಯ ಚಿಕಿತ್ಸೆ ಔಷಧ, ಮತ್ತು ಆ ಔಷಧವನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ.

ಈಗ ಮೂಳೆ ಕೂಡಿದೆ, ಪ್ಲೇಟು ತೆಗೆದು ಕೆರೆದು ಗುಂಡಿ ತುಂಬಿದರೆ ಸಾಕು ಎಂದಿಟ್ಟುಕೊಂಡು ಎರಡು ಬಗೆಯ ಮಣಿಗಳನ್ನು ನೋಡೋಣ. ಹಳೆಯ ಬಗೆಯದು ಬದಲಿ ಕೀಲುಗಳನ್ನು ಕೂರಿಸಲು ಬಳಸುವ ಮೂಳೆ ಸಿಮೆಂಟಿನದು. ಇದಕ್ಕೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸುವ ಪದ್ಧತಿ ಜರ್ಮನಿಯಲ್ಲಿ 1970ರ ಸುಮಾರಿಗೆ ಶುರುವಾಯಿತು. ತಂತಿಯಲ್ಲಿ ಪೋಣಿಸಿದ ಮಣಿಗಳು ಅದರ ಬೆನ್ನಿಗೇ ಬಂದವು. ನಮ್ಮಲ್ಲಿ ಬಹುಪಾಲು ಶಸ್ತ್ರವೈದ್ಯರು ಒಂದು ಪೊಟ್ಟಣ ಸಿಮೆಂಟಿಗೆ ವ್ಯಾಂಕೊಮೈಸಿನ್ ಅಥವಾ ಜೆಂಟಾಮೈಸಿನ್ ಪುಡಿ ಕಲಸಿ, ಆಪರೇಶನ್ ಮೇಜಿನ ಪಕ್ಕದಲ್ಲಿಯೇ ಕೈಯಲ್ಲಿ ಉಂಡೆ ಮಾಡಿ ಸ್ಟೀಲ್ ತಂತಿಗೆ ಪೋಣಿಸುತ್ತಾರೆ. ಸಾಮಗ್ರಿಯ ಬೆಲೆ ಕೆಲವೇ ಸಾವಿರ. ತೊಂದರೆ ಇರುವುದು ಬೇರೆ ಕಡೆ: ಈ ಮಣಿ ಕರಗುವುದಿಲ್ಲ. ಔಷಧವೆಲ್ಲ ಹೊರಬಂದು ಬರಿದಾದ ಮೇಲೆ ಅದರ ಮೈಯೇ ರೋಗಾಣುಗಳಿಗೆ ಹೊಸ ನೆಲೆಯಾಗಬಹುದು. ಆದ್ದರಿಂದ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆಯಬೇಕು. ಹೊಸ ಬಗೆಯದು ಕ್ಯಾಲ್ಸಿಯಂ ಸಲ್ಫೇಟಿನದು. ಅದು ಕೆಲವು ವಾರಗಳಲ್ಲಿ ತಾನೇ ಕರಗಿ ಹೋಗುತ್ತದೆ, ತೆಗೆಯುವ ಶಸ್ತ್ರಚಿಕಿತ್ಸೆ ಬೇಡ. ಆದರೆ ಸಾಮಗ್ರಿ ದುಬಾರಿ, ಮತ್ತು ಕರಗುವಾಗ ಕೆಲವರಲ್ಲಿ ಗಾಯದಿಂದ ಬಿಳಿಯ ನೀರು ವಾರಗಟ್ಟಲೆ ಸೋರುತ್ತದೆ. ಅದನ್ನು ಕೀವೆಂದು ಭಾವಿಸಿ ಮನೆಯವರು ಹೆದರಿ ಓಡಿಬರುತ್ತಾರೆ.

ನಿಮ್ಮ ಪತ್ರದಲ್ಲಿರುವ 85,000 ಮೊದಲ ಶಸ್ತ್ರಚಿಕಿತ್ಸೆಗೆ ಮಾತ್ರವೋ, ಮಣಿ ತೆಗೆಯುವುದೂ ಸೇರಿಯೋ ಎಂದು ಕೇಳಿದ್ದೀರಾ? ಬಹುಶಃ ಇಲ್ಲ, ಮತ್ತು ಅವರೂ ಹೇಳಿರಲಾರರು. ಈ ತಪ್ಪನ್ನು ಒಂದು ಕಾಲದಲ್ಲಿ ನಾನೇ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ಸೋಮವಾರಪೇಟೆ ಕಡೆಯಿಂದ ಬಂದ ಒಂದು ಕುಟುಂಬಕ್ಕೆ ಮಣಿ ಇಡುವ ಖರ್ಚನ್ನಷ್ಟೇ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಐದನೆಯ ವಾರ ತೆಗೆಯಲು ಕರೆದಾಗ ಅವರ ಬಳಿ ಹಣವಿರಲಿಲ್ಲ. ಮಣಿ ಏಳು ತಿಂಗಳು ಒಳಗೇ ಉಳಿಯಿತು, ಕೀವು ಮರಳಿತು. ಅಂದಿನಿಂದ ಎರಡೂ ಮೊತ್ತವನ್ನು ಒಂದೇ ಹಾಳೆಯಲ್ಲಿ ಬರೆಯುತ್ತೇನೆ.

ಮಣಿ ತೆಗೆಯಲು 45,000 ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಅದರ ಜೊತೆಗೆ ಎರಡು ಸಲ ಕಾರಿನಲ್ಲಿ ಹೋಗಿ ಬರುವುದು 9,000. ಜೊತೆಯಲ್ಲಿದ್ದವರ ಊಟ, ತಂಗುವಿಕೆ 3,000. ನಿಮ್ಮ ತಮ್ಮನವರು ಕೆಲಸಕ್ಕೆ ಮರಳುವುದು ಒಂದು ತಿಂಗಳು ಮುಂದಕ್ಕೆ ಹೋಗುವುದರಿಂದ ತಿಂಗಳಿಗೆ 25 ದಿನದಂತೆ ಕೂಲಿ 15,000. ಒಟ್ಟು 85,000 ಎಂಬುದು 1,57,000 ಆಯಿತು. ಕರಗುವ ಮಣಿಯ 1,75,000ಕ್ಕೂ ಇದಕ್ಕೂ ಮೊದಲ ನೋಟಕ್ಕೆ 90,000 ಇದ್ದ ಅಂತರ 18,000ಕ್ಕೆ ಇಳಿಯಿತು. ಎರಡನೆಯ ಸಲ ಅರಿವಳಿಕೆ ಕೊಡಿಸಿಕೊಳ್ಳುವ ಅಪಾಯ, ಮತ್ತೊಂದು ಸಲ ಗಾಯ ಮಾಯಬೇಕಾದ ಕಷ್ಟ ಇವುಗಳಿಗೆ ಬೆಲೆ ಕಟ್ಟಿದರೆ 18,000 ದೊಡ್ಡ ಮೊತ್ತವಲ್ಲ. ಆದರೆ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಮಣಿ ತೆಗೆಯುವುದು ಇಡುವುದಕ್ಕಿಂತ ಸುಲಭದ ಕೆಲಸ. ಅದನ್ನು ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಬಿಪಿಎಲ್ ಕಾರ್ಡಿಗೆ ಸಿಗುವ ಸರ್ಕಾರಿ ಯೋಜನೆಯಡಿ (ಅದರ ಮಾತು ಮುಂದೆ ಬರುತ್ತದೆ) ಮಾಡಿಸಿಕೊಳ್ಳಲು ಸಾಧ್ಯವಾದರೆ ಆ 45,000 ಮತ್ತು ಮೈಸೂರಿನ ಓಡಾಟದ ಬಹುಪಾಲು ಉಳಿಯುತ್ತದೆ, ಹಳೆಯ ಮಣಿಯೇ ಮತ್ತೆ ಅಗ್ಗವಾಗುತ್ತದೆ. ಹೀಗೆ ಅಗ್ಗ-ದುಬಾರಿ ಎಂಬುದು ಸಾಮಗ್ರಿಯಲ್ಲಿ ಮಾತ್ರ ಇಲ್ಲ, ಯಾರು, ಎಲ್ಲಿ, ಎಷ್ಟು ಸಲ ಕೈಹಾಕುತ್ತಾರೆ ಎಂಬುದರಲ್ಲಿಯೂ ಇದೆ.

ಎರಡರಲ್ಲಿ ರೋಗ ವಾಸಿಯಾಗುವ ಸಂಭವ ಯಾವುದರಲ್ಲಿ ಹೆಚ್ಚು ಎಂದು ನೀವು ಕೇಳಬಹುದು. ಕೆನಡಾದಲ್ಲಿ 30 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೂ ಗುಂಪುಗಳಲ್ಲಿ ಸೋಂಕು ಹೋದ ಪ್ರಮಾಣ ಸಮನಾಗಿತ್ತು. ವ್ಯತ್ಯಾಸ ಇದ್ದದ್ದು ಆಮೇಲಿನ ಶಸ್ತ್ರಚಿಕಿತ್ಸೆಗಳ ಸಂಖ್ಯೆಯಲ್ಲಿ, ಅವು ಕರಗುವ ಮಣಿಯವರಲ್ಲಿ ಕಡಿಮೆ. ಸಣ್ಣ ಅಧ್ಯಯನ, ಆದರೆ ನನ್ನ ಅನುಭವವೂ ಹಾಗೆಯೇ ಇದೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಗಾಜಿನಂಥ ಒಂದು ಸಾಮಗ್ರಿಯನ್ನು ತುಂಬಿ ಒಂದೇ ಸಲದಲ್ಲಿ ಮುಗಿಸುವ ಶಸ್ತ್ರಚಿಕಿತ್ಸೆಯನ್ನು, ಸಿಮೆಂಟ್ ಮಣಿಯ ಎರಡು ಹಂತದ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ, ಸಾಮಗ್ರಿ ದುಬಾರಿಯಾದರೂ ಒಂದೇ ಹಂತದ್ದೇ ಮಿತವ್ಯಯದ್ದು ಎಂದು ತೋರಿಸಿದ್ದಾರೆ. ಇಂಥ ವಿದೇಶಿ ಲೆಕ್ಕವನ್ನು ನಮ್ಮ ವೈದ್ಯರು ರೋಗಿಯ ಮುಂದಿಟ್ಟಾಗ ಸ್ವಲ್ಪ ತಡೆದು ಯೋಚಿಸಬೇಕು. ಅಲ್ಲಿ ಆಸ್ಪತ್ರೆಯ ಒಂದು ದಿನದ ಹಾಸಿಗೆಯೇ ಬಹಳ ದುಬಾರಿ, ಆದ್ದರಿಂದ ಕೆಲವು ದಿನ ಉಳಿದರೂ ಸಾಮಗ್ರಿಯ ಬೆಲೆ ತುಂಬಿ ಬರುತ್ತದೆ. ನಮ್ಮ ಸರ್ಕಾರಿ ವಾರ್ಡಿನಲ್ಲಿ ಹಾಸಿಗೆಗೆ ಹಣ ಇಲ್ಲವೆಂಬಷ್ಟು ಕಡಿಮೆ, ಆಮದಾದ ಸಾಮಗ್ರಿಯ ಬೆಲೆ ಮಾತ್ರ ಅಲ್ಲಿಯ ಹಾಗೆಯೇ. ತಕ್ಕಡಿಯ ಎರಡೂ ತಟ್ಟೆಗಳು ಇಲ್ಲಿ ಬೇರೆ.

ಮೂಳೆ ಕೂಡಿಲ್ಲ, ಇಲ್ಲವೇ ಕೊಳೆತ ತುಂಡನ್ನೇ ತೆಗೆಯಬೇಕು ಎಂದಾದರೆ ರಿಂಗಿನ ಮಾತು ಬರುತ್ತದೆ. ಇದನ್ನು ರೂಪಿಸಿದವರು ರಷ್ಯಾದ ಕುರ್ಗಾನ್ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಗವ್ರೀಲ್ ಇಲಿಜರೋವ್, 1950ರ ದಶಕದ ಆರಂಭದಲ್ಲಿ. ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ಇಟ್ಟು, ತೆಳ್ಳನೆಯ ತಂತಿಗಳಿಂದ ಮೂಳೆಗೆ ಬಿಗಿದು, ಕೊಳೆತ ಭಾಗವನ್ನು ತೆಗೆದು, ಆರೋಗ್ಯವಾಗಿರುವ ಕಡೆ ಮೂಳೆಯನ್ನು ಬೇಕೆಂದೇ ಬಿಡಿಸಿ, ಆ ತುಂಡನ್ನು ದಿನಕ್ಕೆ 1 ಮಿಲಿಮೀಟರಿನಂತೆ ಸರಿಸುತ್ತ ಹೋಗುತ್ತಾರೆ. ಕಾಲು ಮಿಲಿಮೀಟರಿನಂತೆ ದಿನಕ್ಕೆ ನಾಲ್ಕು ಸಲ ನಟ್ಟು ತಿರುಗಿಸುವುದು ರೋಗಿಯ ಅಥವಾ ಮನೆಯವರ ಕೆಲಸ. ಸರಿದು ಹೋದ ತುಂಡಿನ ಹಿಂದೆ ಹೊಸ ಮೂಳೆ ತಾನೇ ಬೆಳೆಯುತ್ತದೆ, ಅದಕ್ಕೆ ಬೇರೆ ಬೆಲೆ ತೆರಬೇಕಿಲ್ಲ. ಬೆಲೆ ತೆರಬೇಕಾದದ್ದು ಕಾಲಕ್ಕೆ. ಸರಿಸುವುದು ಬೇಗ ಮುಗಿದರೂ ಹೊಸ ಮೂಳೆ ಗಟ್ಟಿಯಾಗುವವರೆಗೆ ರಿಂಗು ಇರಬೇಕು. ಸೆಂಟಿಮೀಟರಿಗೆ ಒಂದೂವರೆ ತಿಂಗಳು ಎಂಬುದು ನಾನು ರೋಗಿಗಳಿಗೆ ಹೇಳುವ ಅಂದಾಜು. 6 ಸೆಂಟಿಮೀಟರು ತೆಗೆದರೆ ಒಂಬತ್ತು ತಿಂಗಳು. ನಿಮ್ಮ ಲೆಕ್ಕದಲ್ಲಿ ಬರೆದರೆ 2,40,000ಕ್ಕೆ ಒಂಬತ್ತು ತಿಂಗಳ ಕೂಲಿ 1,35,000, ರಿಂಗು ಬಿಚ್ಚಿದ ಮೇಲೆ ಇನ್ನೆರಡು ತಿಂಗಳಿನದು 30,000, ತಿಂಗಳಿಗೊಮ್ಮೆ ತೋರಿಸಲು ಹೋಗಿಬರುವುದು 40,500 ಸೇರಿ 4,45,500 ಆಗುತ್ತದೆ.

ಮೊತ್ತ ನೋಡಿ ಎದೆಗುಂದಬೇಡಿ, ಅದರಲ್ಲಿ ಎರಡು ಮಾತಿದೆ. ಒಂದು, ನಿಮ್ಮ ತಮ್ಮನವರು ಈಗಲೂ ಕೆಲಸಕ್ಕೆ ಹೋಗುತ್ತಿಲ್ಲ. ಏನೂ ಮಾಡದೆ ಕುಳಿತರೂ ತಿಂಗಳಿಗೆ 15,000 ಹೋಗುತ್ತಲೇ ಇದೆ. ಕಳೆದ ಎರಡು ವರ್ಷಗಳಲ್ಲಿ ಹಾಗೆ ಹೋದದ್ದು 3,60,000. ಆಸ್ಪತ್ರೆಯ ಬಿಲ್ಲಿನಲ್ಲಿ ಬಾರದ ಕಾರಣ ಇದನ್ನು ಯಾರೂ ಖರ್ಚೆಂದು ಎಣಿಸಿಲ್ಲ. ಎರಡು, ಓಡಾಟದ 40,500 ಇಳಿಸಬಹುದಾದ ಮೊತ್ತ. ಮೊದಲ ಕೆಲವು ವಾರ ಬಿಟ್ಟರೆ ರಿಂಗು ಹಾಕಿದವರು ಅದರ ಮೇಲೆ ಭಾರ ಹಾಕಿ ನಡೆಯಬಹುದು, ನಡೆಯಲೇಬೇಕು. ಬಸ್ಸಿನಲ್ಲಿ ಬರುವವರು ಎಷ್ಟೋ ಮಂದಿ. ನಡುವಿನ ಎಕ್ಸ್‌ರೇಗಳನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ತೆಗೆಸಿ ಮೊಬೈಲಿನಲ್ಲಿ ಕಳುಹಿಸಿದರೆ ಸಾಕೆ ಎಂದು ಶಸ್ತ್ರವೈದ್ಯರನ್ನು ಮೊದಲೇ ಕೇಳಿ, ಅನೇಕರು ಒಪ್ಪುತ್ತಾರೆ. ರಿಂಗಿನಲ್ಲಿಯೂ ತರತಮವಿದೆ. ನಮ್ಮ ದೇಶದಲ್ಲೇ ತಯಾರಾಗುವ ಸ್ಟೀಲಿನ ರಿಂಗಿಗೂ, ಕಾರ್ಬನ್ನಿನ ಅಥವಾ ಕಂಪ್ಯೂಟರ್ ಲೆಕ್ಕದಿಂದ ಓರೆ ಸರಿಪಡಿಸುವ ಆರು ಕಡ್ಡಿಯ ರಿಂಗಿಗೂ ಬೆಲೆಯಲ್ಲಿ ಅಜಗಜಾಂತರ. ನೇರವಾಗಿ ಮೂಳೆ ಸರಿಸುವ ಕೆಲಸಕ್ಕೆ ಸ್ಟೀಲಿನದು ಧಾರಾಳವಾಗಿ ಸಾಕು.

ರಿಂಗಿಗೆ ಬದಲಾಗಿ ಇನ್ನೂ ಎರಡು ದಾರಿಗಳಿದ್ದು, ನಿಮಗೆ ಯಾರೂ ಹೇಳಿದಂತಿಲ್ಲ. ಒಂದು, ಫ್ರಾನ್ಸಿನ ಡಾ. ಮಾಸ್ಕಲೇ ಅವರ ಪದ್ಧತಿ: ಖಾಲಿ ಜಾಗಕ್ಕೆ ಔಷಧ ಬೆರೆಸಿದ ಸಿಮೆಂಟಿನ ದಿಮ್ಮಿ ಇಟ್ಟು, ಆರರಿಂದ ಎಂಟು ವಾರಗಳಲ್ಲಿ ಅದರ ಸುತ್ತ ದೇಹವೇ ಕಟ್ಟುವ ಪೊರೆಯನ್ನು ಉಳಿಸಿಕೊಂಡು, ದಿಮ್ಮಿ ತೆಗೆದು ಸೊಂಟದ ಮೂಳೆಯ ಚೂರುಗಳನ್ನು ಅದರೊಳಗೆ ತುಂಬುವುದು. ಶಸ್ತ್ರಚಿಕಿತ್ಸೆ ಎರಡು, ಸಾಮಗ್ರಿ ಅಗ್ಗ, ಆದರೆ ತುಂಬಲು ಬೇಕಾದಷ್ಟು ಮೂಳೆ ಸಿಗುವುದಕ್ಕೆ ಮಿತಿಯಿದೆ. ಇನ್ನೊಂದು, ಮೂಳೆ ಕೂಡಿಲ್ಲ, ಆದರೆ ತೆಗೆಯಬೇಕಾದ ಭಾಗವೂ ಹೆಚ್ಚಿಲ್ಲ ಎಂಬ ನಡುವಿನ ಸ್ಥಿತಿಗೆ: ಔಷಧದ ಸಿಮೆಂಟನ್ನು ರಾಡಿನ ಸುತ್ತ ಮೆತ್ತಿ ಮೂಳೆಯ ಕೊಳವೆಯೊಳಗೆ ಇಳಿಸುವುದು. ಈ ರಾಡನ್ನು ಎದೆಯಿಂದ ನೀರು ತೆಗೆಯುವ ಪ್ಲಾಸ್ಟಿಕ್ ಕೊಳವೆಯನ್ನೇ ಅಚ್ಚು ಮಾಡಿಕೊಂಡು ಆಪರೇಶನ್ ಕೋಣೆಯಲ್ಲಿಯೇ ತಯಾರಿಸುತ್ತೇವೆ. ಒಳ್ಳೆಯ ಕೈಯಲ್ಲಿ ಇದು ಈ ರೋಗದ ಅತ್ಯಂತ ಮಿತವ್ಯಯದ ಉಪಾಯಗಳಲ್ಲೊಂದು. ಸಿಮೆಂಟ್ ಮೆತ್ತಿದ ರಾಡು ಆಗುತ್ತದೆಯೇ ಎಂದು ನಿಮ್ಮ ಶಸ್ತ್ರವೈದ್ಯರನ್ನು ಕೇಳಿ.

ಅಂದಾಜುಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಇನ್ನೊಂದು ಅಂಶ ಚರ್ಮ ಮತ್ತು ಸ್ನಾಯುವಿನ ಹೊದಿಕೆ. ಕಣಕಾಲಿನ ಮುಂಭಾಗದಲ್ಲಿ ಮೂಳೆಯ ಮೇಲೆ ಚರ್ಮವಲ್ಲದೆ ಬೇರೇನೂ ಇಲ್ಲ. ಮೂರು ಸಲ ಕೊಯ್ದ ಚರ್ಮ ಮತ್ತೆ ಕೂಡದೆ ಹೋಗಬಹುದು. ಗಾಯ ಮೊಣಕಾಲಿನ ಹತ್ತಿರವಿದ್ದರೆ ಅಥವಾ ನಡುಭಾಗದಲ್ಲಿದ್ದರೆ ಮೀನಖಂಡದ ಸ್ನಾಯುವನ್ನೇ ತಿರುಗಿಸಿ ಮುಚ್ಚಬಹುದು. ಪಾದದ ಹತ್ತಿರದ ಮೂರನೆಯ ಒಂದು ಭಾಗದಲ್ಲಿದ್ದರೆ ಬೇರೆ ಕಡೆಯಿಂದ ಸ್ನಾಯು ತಂದು, ಸೂಕ್ಷ್ಮದರ್ಶಕದ ಅಡಿಯಲ್ಲಿ ರಕ್ತನಾಳ ಜೋಡಿಸಬೇಕಾಗಬಹುದು. ಅದಕ್ಕೆ ಪ್ಲಾಸ್ಟಿಕ್ ಸರ್ಜನ್ ಬೇಕು, ಖರ್ಚು ಬೇರೆಯೇ ಮಟ್ಟದ್ದು.

ಔಷಧದ ಖರ್ಚಿನಲ್ಲಿ ಮಾತ್ರ ಒಳ್ಳೆಯ ಸುದ್ದಿ ಇದೆ. ಆರು ವಾರ ನರಕ್ಕೆ ಇಂಜೆಕ್ಷನ್ ಕೊಡಲೇಬೇಕು, ಅದಕ್ಕಾಗಿ ಆಸ್ಪತ್ರೆಯಲ್ಲಿ ಇರಲೇಬೇಕು ಎಂದು ನಾವು ಬಹುಕಾಲ ನಂಬಿದ್ದೆವು. ಬ್ರಿಟನ್ನಿನ 26 ಆಸ್ಪತ್ರೆಗಳಲ್ಲಿ 1,054 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಚಿಕಿತ್ಸೆ ವಿಫಲವಾದದ್ದು ಇಂಜೆಕ್ಷನ್ ಪಡೆದವರಲ್ಲಿ ಶೇ. 14.6, ಮಾತ್ರೆ ನುಂಗಿದವರಲ್ಲಿ ಶೇ. 13.2. ಅಂದರೆ ಆಳದ ಮಾದರಿಯಲ್ಲಿ ಸಿಕ್ಕ ರೋಗಾಣುವಿಗೆ ತಕ್ಕ ಮಾತ್ರೆ ಇದ್ದರೆ, ಮೊದಲ ಕೆಲವು ದಿನಗಳ ಬಳಿಕ ಅವರು ಮನೆಯಲ್ಲಿಯೇ ಇದ್ದು ಚಿಕಿತ್ಸೆ ಮುಂದುವರಿಸಬಹುದು. ಆಯ್ಕೆ ಮಾತ್ರ ವೈದ್ಯರದೇ ಆಗಿರಬೇಕು. ಮೊದಲು ಕೊಟ್ಟಿದ್ದ ಚೀಟಿಯನ್ನೇ ಔಷಧದ ಅಂಗಡಿಯಲ್ಲಿ ತೋರಿಸಿ ಮತ್ತೆ ಮತ್ತೆ ತರುವುದು ಬೇಡ.

ಕಾಲು ತೆಗೆಯುವ 70,000ದ ಮಾತಿಗೆ ಬರುತ್ತೇನೆ. ಕೆಲವರಿಗೆ ಅದೇ ಸರಿಯಾದ ಚಿಕಿತ್ಸೆ: ಪಾದಕ್ಕೆ ಸ್ಪರ್ಶವೇ ಇಲ್ಲದವರು, ರಕ್ತನಾಳ ಕೆಟ್ಟವರು, ಬಹುವರ್ಷ ಸೋರಿದ ರಂಧ್ರದಲ್ಲಿ ಕ್ಯಾನ್ಸರ್ ಹುಟ್ಟಿದವರು. 34ರ ವಯಸ್ಸಿನ, ಬೇರೆ ರೋಗವಿಲ್ಲದ, ಪಾದ ಚೆನ್ನಾಗಿರುವ ವ್ಯಕ್ತಿಗೆ ಅಗ್ಗವೆಂಬ ಕಾರಣಕ್ಕೆ ಅದನ್ನು ಸೂಚಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಅಗ್ಗವೂ ಅಲ್ಲ. ಅಮೆರಿಕದಲ್ಲಿ ಅಪಘಾತದಿಂದ ಕಾಲು ಜಜ್ಜಿಹೋದವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಕೃತಕ ಕಾಲಿನ ಖರ್ಚೂ ಸೇರಿ ಮೊದಲ ಎರಡು ವರ್ಷಗಳಿಗೆ ಕಾಲು ಉಳಿಸಿದವರಿಗೆ 81,316 ಡಾಲರ್, ತೆಗೆದವರಿಗೆ 91,106 ಡಾಲರ್ ತಗುಲಿತ್ತು. ಜೀವಮಾನದ ಅಂದಾಜು 1,63,282 ಡಾಲರಿಗೆ ಎದುರಾಗಿ 5,09,275 ಡಾಲರ್. ಆ ರೋಗಿಗಳು ಸೋಂಕಿನವರಲ್ಲ, ಅಲ್ಲಿಯ ಕೃತಕ ಕಾಲಿನ ಬೆಲೆ ನಮ್ಮದಲ್ಲ. 1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ಅವರು ರೂಪಿಸಿದ ಜೈಪುರ ಕಾಲು ನಮ್ಮಲ್ಲಿ ಉಚಿತವಾಗಿಯೂ ಸಿಗುತ್ತದೆ. ಆದರೂ ಅದನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು, ಪ್ರತಿ ಸಲವೂ ಅಳತೆ ಕೊಡಲು ಹೋಗಬೇಕು, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುವ ತೋಟದ ಇಳಿಜಾರಿನಲ್ಲಿ ಅದನ್ನು ಹಾಕಿಕೊಂಡು ದಿನಗೂಲಿ ಮಾಡುವುದು ಹೇಗೆಂದು ಯೋಚಿಸಬೇಕು.

ಇನ್ನು ನಿಮ್ಮ ಬಿಪಿಎಲ್ ಕಾರ್ಡು. ಇದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಮೊದಲು ಬರೆಯಬೇಕಾಗಿತ್ತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ; ಎಪಿಎಲ್ ಆಗಿದ್ದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ. 30 ಮಾತ್ರ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಬರೆದುಕೊಡುವ ರೆಫರಲ್ ಚೀಟಿಯೊಂದಿಗೆ ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬೇಕು. ನೀವು ನೇರವಾಗಿ ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಅಂದಾಜು ತಂದದ್ದರಿಂದ ಈ ದಾರಿ ತಪ್ಪಿದೆ. ಮಡಿಕೇರಿಯ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ, ಅಲ್ಲಿರುವ ಆರೋಗ್ಯ ಮಿತ್ರರನ್ನು (ಯೋಜನೆಯ ಸಹಾಯಕರನ್ನು) ಕಂಡು ಯಾವ ಯಾವ ಹಂತ ಪ್ಯಾಕೇಜಿನಲ್ಲಿ ಬರುತ್ತದೆ, ರಿಂಗು ಅಥವಾ ಮಣಿಯ ಸಾಮಗ್ರಿ ಸೇರಿದೆಯೇ ಎಂದು ಕೇಳಿ. ಸಾಮಗ್ರಿ ಸೇರದಿದ್ದರೆ ಅದಕ್ಕೆ ಮಾತ್ರ ಹಣ ಹೊಂದಿಸಬೇಕಾಗುತ್ತದೆ. ಮನೆಯಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯ ಬಗ್ಗೆಯೂ ಸಂಘದಲ್ಲಿ ವಿಚಾರಿಸಿ. ನಡುವೆ ನಿಂತಿದ್ದ ಅದು 2022ರಲ್ಲಿ ಮತ್ತೆ ಶುರುವಾಗಿದೆ.

ಹಳೆಯ ಸೋಂಕಿನಲ್ಲಿ, ಜ್ವರವಿಲ್ಲದಿದ್ದರೆ, ಶಸ್ತ್ರಚಿಕಿತ್ಸೆಯ ಕಾಲವನ್ನು ಆರಿಸಿಕೊಳ್ಳಲು ಕೆಲವು ವಾರಗಳ ಸ್ವಾತಂತ್ರ್ಯವಿದೆ. ಕೊಡಗಿನವರಿಗೆ ನಾನು ಇದನ್ನು ಯಾವಾಗಲೂ ಹೇಳುತ್ತೇನೆ. ಮಣಿಯ ಚಿಕಿತ್ಸೆ ಮಳೆಗಾಲದಲ್ಲಿ ಆದರೆ ತೊಂದರೆಯಿಲ್ಲ, ಕಾಫಿ ಕೊಯ್ಲಿನ ಹೊತ್ತಿಗೆ ಕನಿಷ್ಠ ಕುಳಿತು ಮಾಡುವ ಕೆಲಸಕ್ಕಾದರೂ ಮರಳಬಹುದು, ಮನೆಯವರ ಕೊಯ್ಲಿನ ಕೂಲಿಯೂ ತಪ್ಪುವುದಿಲ್ಲ. ರಿಂಗಾದರೆ ಮಳೆಗೆ ಮೊದಲು ಹಾಕಿಸಿಕೊಳ್ಳುವುದು ಕಷ್ಟ. ತಂತಿ ಚರ್ಮವನ್ನು ಹೊಕ್ಕುವ ಜಾಗಗಳು ಒಣಗಿರಬೇಕು, ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗದ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಅದು ಸುಲಭವಲ್ಲ. ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒಳಗೆಲ್ಲ ಬೆವೆತು, ತಂತಿಯ ಬುಡದಲ್ಲಿ ಹೊಸ ಕೀವು ಮಾಡಿಕೊಂಡು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ. ಸೆಪ್ಟೆಂಬರ್ ಕೊನೆಯಲ್ಲಿ ಹಾಕಿದರೆ ಒಂಬತ್ತು ತಿಂಗಳಿನದು ಬಹುಪಾಲು ಒಣ ದಿನಗಳಲ್ಲಿ ಕಳೆಯುತ್ತದೆ. ಗಾಯಕ್ಕೆ ಸೊಪ್ಪಿನ ರಸ ಹಾಕುವುದು ಯಾವ ಕಾಲದಲ್ಲಿಯೂ ಬೇಡ. ಕೊಡಗಿನಲ್ಲಿ ಕಕ್ಕಡ ಮಾಸದಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸವನ್ನು ಬೇಕಾದರೆ ಧಾರಾಳವಾಗಿ ತಿನ್ನಲಿ. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಇಂದೇ ಬಿಡಬೇಕು, ಸಕ್ಕರೆಯ ಪರೀಕ್ಷೆ ಮಾಡಿಸಬೇಕು. ಮೂಳೆ ಕೂಡುವುದನ್ನು ಹೊಗೆ ತಡೆಯುತ್ತದೆ, ಸೋಂಕನ್ನು ಸಕ್ಕರೆ ಬೆಳೆಸುತ್ತದೆ. ಎರಡೂ ಮೇಲಿನ ಎಲ್ಲ ಲೆಕ್ಕವನ್ನು ತಲೆಕೆಳಗು ಮಾಡಬಲ್ಲವು.

ನನ್ನ ಸಲಹೆ ಇಷ್ಟು: ಹೊಸ ಎಕ್ಸ್‌ರೇಯೊಂದಿಗೆ ಮಡಿಕೇರಿಗೆ ಹೋಗಿ, ಮೂಳೆ ಕೂಡಿದೆಯೇ ಎಂಬ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೂಡಿದ್ದರೆ ಪ್ಲೇಟು ತೆಗೆದು, ಚೆನ್ನಾಗಿ ಕೆರೆದು, ಸಿಮೆಂಟ್ ಮಣಿ ಇಟ್ಟು, ತೆಗೆಯುವ ದಿನವನ್ನೂ ಮೊದಲೇ ಗೊತ್ತುಮಾಡಿಕೊಳ್ಳುವುದು ನಿಮ್ಮ ಕುಟುಂಬಕ್ಕೆ ತಕ್ಕದ್ದೆಂದು ನನಗೆ ತೋರುತ್ತದೆ. ಕರಗುವ ಮಣಿಗಾಗಿ ಸಾಲ ಮಾಡಬೇಡಿ. ಕೂಡಿಲ್ಲವಾದರೆ ರೆಫರಲ್ ಪಡೆದು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮಂಗಳೂರಿನ ವೆನ್ಲಾಕ್‌ನಲ್ಲಾಗಲಿ ತೋರಿಸಿ, ರಿಂಗು ಮತ್ತು ಸಿಮೆಂಟ್ ಮೆತ್ತಿದ ರಾಡು ಎರಡರ ಬಗ್ಗೆಯೂ ಕೇಳಿ. ಈ ನಡುವೆ ಚಳಿಜ್ವರ ಬಂದರೆ, ಕಾಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿದರೆ, ಅಥವಾ ರಂಧ್ರದ ಅಂಚು ಹೂಕೋಸಿನಂತೆ ಬೆಳೆದು ರಕ್ತ ಬರತೊಡಗಿದರೆ, ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.